‘ಆಧಾರ: ಇಂಟರ್ನೆಟ್’ ಎಂದರೆ ಸಾಕೆ?

ಪುಣೆಯ ಕಾತ್ರಜ, ಧನಕವಡಿ, ಆಂಬೇಗಾಂವ ಭಾಗದಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ಕೆಲವು ವರ್ಷಗಳಿಂದ ವಂಶವೃಕ್ಷ ಬರೆಯುವ ಉತ್ಸಾಹ ಹೆಚ್ಚಿದೆ. ಊರು ಬಿಟ್ಟು ಹದಿನೈದಿಪ್ಪತ್ತು ವರ್ಷವಾಗಿದೆ. ಮಕ್ಕಳು ಶಾಲೆಯಲ್ಲಿ ಮರಾಠಿ ಓದುತ್ತಾರೆ, ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ತಮ್ಮತಮ್ಮಲ್ಲಿ ಇಂಗ್ಲಿಷಿಗೆ ಹೊರಳುತ್ತಾರೆ. ‘ನಾವು ಎಲ್ಲಿಯವರು?’ ಎಂದು ಅವರು ಕೇಳಿದಾಗ ಬರೀ ಊರಿನ ಹೆಸರು ಹೇಳಿ ಸುಮ್ಮನಾಗಲು ಮನಸ್ಸು ಬರುವುದಿಲ್ಲ. ಹಾಗಾಗಿ ಯಾರೋ ಒಬ್ಬ ಅಣ್ಣನೋ ಕಾಕಾನೋ ಕುಳಿತು ಮೂವತ್ತು ಪುಟದ ಪಿಡಿಎಫ್ ತಯಾರಿಸಿ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಗೆಳೆಯರು ಅಂಥ ಹಲವನ್ನು ನನಗೆ ತೋರಿಸಿದ್ದಾರೆ. ಕುಲದೇವರು, ಮೂಲಪುರುಷ, ವಲಸೆ ಬಂದ ದಾರಿ, ಹಳೆಯ ಫೋಟೊ ಎಲ್ಲವೂ ಇರುತ್ತವೆ. ಕೊನೆಯ ಪುಟದಲ್ಲಿ ಬಹಳಷ್ಟು ಸಲ ಒಂದೇ ಸಾಲು: ‘ಆಧಾರ: ಹಿರಿಯರ ಮಾತು ಮತ್ತು ಇಂಟರ್ನೆಟ್.’

ಈ ಲೇಖನ ಆ ಒಂದು ಸಾಲಿನ ಬಗ್ಗೆ.

ಆಧಾರ ಎಂದರೇನು ಎಂದು ತಿಳಿಯಲು ಕಾತ್ರಜದವರಿಗೆ ಇಲ್ಲಿಯ ಕೆರೆಯೇ ಒಳ್ಳೆಯ ಪಾಠ. ಸುಮಾರು 1750ರಲ್ಲಿ, ಬಾಳಾಜಿ ಬಾಜೀರಾವ್ ಅಂದರೆ ನಾನಾಸಾಹೇಬ ಪೇಶ್ವೆಯ ಕಾಲದಲ್ಲಿ, ಈ ಕೆರೆಯಿಂದ ಶನಿವಾರವಾಡೆಯ ತನಕ ನೆಲದಡಿಯಲ್ಲಿ ಕಲ್ಲುಗಾರೆಯ ಕಾಲುವೆ ಕಟ್ಟಿದರು. ಪೇಟೆಯ ಜನ ಅಲ್ಲಲ್ಲಿದ್ದ ತೊಟ್ಟಿಗಳಿಂದ ನೀರು ತುಂಬಿಕೊಳ್ಳುತ್ತಿದ್ದರು. ಮರಾಠಿಯಲ್ಲಿ ಅವಕ್ಕೆ ಹೌದ್ ಎನ್ನುತ್ತಾರೆ. ಕಾಲುವೆಯ ಉದ್ದಕ್ಕೂ ಗಾಳಿಯಾಡಲು ಬಾವಿಯಂಥ ಕಿಂಡಿಗಳಿದ್ದವು. ತೊಟ್ಟಿಯ ನೀರು ಕೆಟ್ಟರೆ ಕಿಂಡಿ ಕಿಂಡಿಯಲ್ಲಿ ಇಣುಕುತ್ತ ಹಿಂದೆ ಹೋಗಬಹುದು. ಎಲ್ಲಿ ಕೆಟ್ಟಿತು, ಕೆರೆಯಲ್ಲೋ ನಡುದಾರಿಯಲ್ಲೋ ಎಂದು ಗೊತ್ತಾಗುತ್ತದೆ. ‘ಆಧಾರ: ಇಂಟರ್ನೆಟ್’ ಎಂದು ಬರೆಯುವುದು ‘ನೀರು: ತೊಟ್ಟಿಯದು’ ಎಂದು ಹೇಳಿದ ಹಾಗೆ. ಸುಳ್ಳಲ್ಲ, ಆದರೆ ಹಿಂದೆ ಹೋಗಲು ಒಂದೂ ಕಿಂಡಿ ಉಳಿದಿರುವುದಿಲ್ಲ.

ನಮ್ಮ ಕಚೇರಿಗಳಲ್ಲಿ ಗ್ರಾಹಕ ‘ಈ ಅಂಕಿ ಎಲ್ಲಿಂದ ಬಂತು?’ ಎಂದರೆ ‘ಸರ್ವರಿನಿಂದ ಬಂತು’ ಎಂದು ಉತ್ತರಿಸುವ ಎಂಜಿನಿಯರನ್ನು ನಾನು ನೋಡಿಲ್ಲ. ಯಾವ ಟೇಬಲ್, ಯಾವ ದಿನದ ಡೇಟಾ, ಯಾರು ಬದಲಿಸಿದರು ಎಂದು ಹೇಳಬೇಕಾಗುತ್ತದೆ. ಮುತ್ತಜ್ಜನ ವಿಷಯದಲ್ಲಿ ಮಾತ್ರ ನಾವು ಈ ಶಿಸ್ತನ್ನು ಮನೆಯ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬರುತ್ತೇವೆ.

ಐದು ಕೊಂಡಿ, ಒಂದೇ ಸಾಕ್ಷಿ

ನಮ್ಮ ಮನೆತನ ಗದಗ ಜಿಲ್ಲೆಯದು. ನಮ್ಮ ಹಿರಿಯರೊಬ್ಬರು ನರಗುಂದದ ಬಾಬಾಸಾಹೇಬರ ದಂಡಿನಲ್ಲಿದ್ದರು ಎಂಬ ಮಾತು ಮನೆಯಲ್ಲಿ ಮೊದಲಿನಿಂದಲೂ ಇದೆ. ನರಗುಂದದ ಸಂಸ್ಥಾನಿಕ ಬಾಬಾಸಾಹೇಬ ಭಾವೆ 1858ರ ಮೇ ತಿಂಗಳಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದದ್ದು, ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಕೊಲೆಯಾದದ್ದು, ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದ್ದು ದಾಖಲಾದ ಇತಿಹಾಸ. ಅದರಲ್ಲಿ ನಮ್ಮ ಹಿರಿಯರ ಪಾತ್ರ ಏನಿತ್ತು ಎಂಬುದು ಬೇರೆ ಪ್ರಶ್ನೆ.

ಕಾಕಾ ಇದಕ್ಕೆ ಐದು ವೆಬ್‌ಸೈಟುಗಳ ಕೊಂಡಿ ಕಳಿಸಿದರು. ಐದನ್ನೂ ಪಕ್ಕಪಕ್ಕ ತೆರೆದಿಟ್ಟು ಓದಿದೆ. ಐದರಲ್ಲೂ ಅದೇ ಪ್ಯಾರಾ, ಅದೇ ಅಲ್ಪವಿರಾಮ, ದಂಗೆಗೆ ಅದೇ ತಪ್ಪು ಇಸವಿ. ಒಂದರಿಂದ ಇನ್ನೊಂದಕ್ಕೆ ನಕಲಾಗಿದೆ. ಎಲ್ಲಕ್ಕಿಂತ ಹಳೆಯದರಲ್ಲಿ ಯಾವ ಆಧಾರವೂ ಇಲ್ಲ. ಪರೀಕ್ಷೆಯಲ್ಲಿ ಐದು ಹುಡುಗರು ಒಂದೇ ತಪ್ಪು ಉತ್ತರ ಬರೆದರೆ ಮಾಸ್ತರು ಅದನ್ನು ಐದು ಉತ್ತರ ಎಂದು ಎಣಿಸುವುದಿಲ್ಲ. ಕುಟುಂಬದ ಇತಿಹಾಸದಲ್ಲೂ ಹಾಗೆಯೇ. ಕೊಂಡಿ ಐದಿದ್ದರೂ ಸಾಕ್ಷಿ ಒಂದೇ, ಅದೂ ಹೆಸರಿಲ್ಲದ ಸಾಕ್ಷಿ.

ನಾನು ನಮ್ಮ ವಂಶವೃಕ್ಷದ ಕಡತದಲ್ಲಿ ಹೀಗೆ ಬರೆದೆ: ‘ಮನೆಯ ಮಾತು. ಹೇಳಿದವರು ಕಾಕಾ, ಅವರಿಗೆ ಹೇಳಿದವರು ಅವರ ಅಜ್ಜ. ಲಿಖಿತ ಆಧಾರ ಈವರೆಗೆ ಸಿಕ್ಕಿಲ್ಲ.’ ಕೆಳಗೆ ಕಾಕಾನ ಹೆಸರು, ವಯಸ್ಸು, ಹೇಳಿದ ದಿನ. ಅವರಿಗೆ ಸಿಟ್ಟು ಬಂತು. ‘ಅಂದ್ರ ನಮ್ಮಜ್ಜ ಸುಳ್ಳ ಹೇಳ್ಯಾನಂತ ಬರದಿ ಏನು?’ ಎಂದು ಫೋನಿನಲ್ಲಿ ಕೇಳಿದರು. ‘ಇಲ್ಲ ಕಾಕಾ, ಐದು ವೆಬ್‌ಸೈಟ್ ತಗದು ನಿಮ್ಮ ಹೆಸರು ಹಾಕೇನಿ. ಈಗ ಸಾಕ್ಷಿ ನೀವು’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಮರುದಿನ ತಾವೇ ಫೋನ್ ಮಾಡಿ, ಅಜ್ಜ ಆ ಮಾತನ್ನು ಯಾವಾಗ ಹೇಳುತ್ತಿದ್ದ, ಯಾವ ಬಾವಿಕಟ್ಟೆಯ ಹತ್ತಿರ ಕುಳಿತು ಹೇಳುತ್ತಿದ್ದ, ‘ದಂಡಿನಲ್ಲಿದ್ದ’ ಎನ್ನುತ್ತಿದ್ದನೋ ‘ದಂಡಿಗೆ ಕಾಳು ಹಾಕಿದ’ ಎನ್ನುತ್ತಿದ್ದನೋ ಎಂದು ತಾವೇ ಪ್ರಶ್ನೆ ಎತ್ತಿ ಅರ್ಧ ಗಂಟೆ ಮಾತಾಡಿದರು. ಆ ಅರ್ಧ ಗಂಟೆ ಯಾವ ವೆಬ್‌ಸೈಟಿನಲ್ಲೂ ಸಿಗುತ್ತಿರಲಿಲ್ಲ. ಆಧಾರವನ್ನು ಸರಿಯಾಗಿ ಹೆಸರಿಸಿದಾಗ ಆಧಾರವೇ ಎದ್ದು ಮಾತಾಡುತ್ತದೆ.

ಸುಳ್ಳು ವಂಶಾವಳಿ ಹೊಸದಲ್ಲ

ಇಂಟರ್ನೆಟ್ ಬಂದ ಮೇಲೆ ಸುಳ್ಳು ಹೆಚ್ಚಾಯಿತು ಎಂದು ಕೊರಗುವವರು ಹಳೆಯ ತಾಮ್ರಪಟಗಳ ಕಥೆ ಓದಬೇಕು. ಕನ್ನಡ ನಾಡಿನ ರಾಜವಂಶಗಳ ಬಗ್ಗೆ ಕೆಲಸ ಮಾಡಿದ ಜೆ. ಎಫ್. ಫ್ಲೀಟ್, ಗಂಗರ ಹೆಸರಿನಲ್ಲಿದ್ದ ಹಲವು ತಾಮ್ರಪಟಗಳನ್ನು ನಂತರದ ಕಾಲದ ಖೋಟಾ ಎಂದರು. ಮೈಸೂರಿನ ಶಾಸನಗಳನ್ನು ಸಂಪಾದಿಸಿದ ಬಿ. ಎಲ್. ರೈಸ್ ಅದನ್ನು ಒಪ್ಪಲಿಲ್ಲ. ಇಬ್ಬರ ನಡುವೆ ವರ್ಷಗಟ್ಟಲೆ ವಾದ ನಡೆಯಿತು. ಖೋಟಾ ಪಟ ಮಾಡಿಸುವವರ ಉದ್ದೇಶ ಸಾಮಾನ್ಯವಾಗಿ ಒಂದೇ: ಭೂಮಿಯ ಹಕ್ಕಿಗೆ ಹಳೆಯ ರಾಜನ ಹೆಸರು ಬೇಕಿತ್ತು. ಇಬ್ಬರೂ ಯಾವ ಪಟ, ಎಲ್ಲಿ ಸಿಕ್ಕಿತು, ಲಿಪಿ ಹೇಗಿದೆ ಎಂದು ಬರೆದಿಟ್ಟಿದ್ದರಿಂದಲೇ ಆ ವಾದವನ್ನು ನಾವು ಇಂದೂ ಪರಿಶೀಲಿಸಬಹುದು.

ನಮ್ಮ ಕಾಲಕ್ಕೆ ಹತ್ತಿರದ ಉದಾಹರಣೆ ಇನಾಂ ಕಮಿಷನ್. ಪೇಶ್ವೆ ಆಡಳಿತ ಹೋದ ಮೇಲೆ ಮುಂಬಯಿ ಇಲಾಖೆಯ ದಕ್ಷಿಣ ಭಾಗದಲ್ಲಿ, ಅಂದರೆ ಇಂದಿನ ಬೆಳಗಾವಿ, ಧಾರವಾಡ ಸೀಮೆಯಲ್ಲಿ, ತೆರಿಗೆಯಿಲ್ಲದ ಇನಾಂ ಭೂಮಿ ಯಾರದು, ಯಾವ ಹಕ್ಕಿನಿಂದ ಬಂತು ಎಂದು ಬ್ರಿಟಿಷರು ತನಿಖೆ ಮಾಡಿದರು. 1852ರ 11ನೇ ಕಾಯ್ದೆ ಅದಕ್ಕೆ ಅಧಿಕಾರ ಕೊಟ್ಟಿತು. ಇನಾಮುದಾರರು ಸನದು ತೋರಿಸಬೇಕು, ವಂಶಾವಳಿ ಬರೆದುಕೊಡಬೇಕು. ಆ ವಂಶಾವಳಿಗಳು ಇತಿಹಾಸಕ್ಕಾಗಿ ಬರೆದವಲ್ಲ, ಹೊಲ ಉಳಿಸಿಕೊಳ್ಳಲು ಬರೆದವು. ದತ್ತಕ ಮಗನನ್ನು ಹೊಟ್ಟೆಯ ಮಗ ಎಂದು ತೋರಿಸುವುದಕ್ಕೆ, ಹಂಚಿಕೆಯಾದ ತಮ್ಮನನ್ನು ಬಿಟ್ಟುಬಿಡುವುದಕ್ಕೆ ಅಲ್ಲಿ ಕಾರಣವಿತ್ತು. ಹೆಣ್ಣುಮಕ್ಕಳ ಹೆಸರು ಬರೆಯಲು ಕಾರಣವೇ ಇರಲಿಲ್ಲ.

ಹಾಗೆಂದು ಅವು ನಿರುಪಯೋಗಿಯಲ್ಲ. ಯಾರು, ಯಾವಾಗ, ಯಾವ ಲಾಭಕ್ಕಾಗಿ ಬರೆದರು ಎಂದು ಗೊತ್ತಿದ್ದರೆ ಪಕ್ಷಪಾತದ ಕಾಗದವೂ ಒಳ್ಳೆಯ ಸಾಕ್ಷಿಯಾಗುತ್ತದೆ. ಇವತ್ತು ತಹಸೀಲ್ದಾರ್ ಕಚೇರಿ ಕೊಡುವ ವಂಶವೃಕ್ಷ ಪ್ರಮಾಣಪತ್ರದ ಕಥೆಯೂ ಇದೇ. ವಾರಸಾ ಮಾಡಲು ಅರ್ಜಿದಾರ ಹೇಳಿದ್ದನ್ನು ಆಧರಿಸಿ ತಯಾರಾದದ್ದು ಅದು. ಸರ್ಕಾರದ ಮೊಹರು ಇದೆ ಎಂದ ಮಾತ್ರಕ್ಕೆ ಅದರ ಉದ್ದೇಶ ಬದಲಾಗುವುದಿಲ್ಲ.

ಮೂಲ, ಪ್ರತಿ, ದಾರಿ

ಪುಣೆಯಲ್ಲಿರುವ ನಮಗೆ ಆಧಾರದ ಪಾಠ ಕಲಿಯಲು ದೂರ ಹೋಗಬೇಕಿಲ್ಲ. ವಿ. ಕಾ. ರಾಜವಾಡೆ ಊರೂರು ಅಲೆದು ವಾಡೆಗಳ ಅಟ್ಟದಿಂದ ಕಾಗದ ಹುಡುಕಿ ತಂದು, 1898ರಿಂದ ಮರಾಠರ ಇತಿಹಾಸದ ಸಾಧನಗಳನ್ನು ಒಂದೊಂದೇ ಸಂಪುಟವಾಗಿ ಅಚ್ಚು ಹಾಕಿಸಿದರು. ಒಟ್ಟು 22 ಸಂಪುಟಗಳು. ಇತಿಹಾಸ ಬರೆಯುವ ಮೊದಲು ಸಾಧನ ಬೇಕು ಎಂಬುದು ಅವರ ಹಟ. ಭಾರತ ಇತಿಹಾಸ ಸಂಶೋಧಕ ಮಂಡಳ 1910ರಲ್ಲಿ ಇದೇ ಪುಣೆಯಲ್ಲಿ ಹುಟ್ಟಿತು. ಪೇಶ್ವೆ ದಫ್ತರದ ಸಾವಿರಾರು ರುಮಾಲುಗಳಿಂದ ಆಯ್ದ ಕಾಗದಗಳನ್ನು ಗೋ. ಸ. ಸರದೇಸಾಯಿ 1930ರ ದಶಕದ ಆರಂಭದಲ್ಲಿ 45 ಸಂಪುಟಗಳಲ್ಲಿ ತಂದರು. ಇದೇ ಊರಿನ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಆಲೂರು ವೆಂಕಟರಾಯರು ಧಾರವಾಡದಲ್ಲಿ ಕುಳಿತು ‘ಕರ್ನಾಟಕ ಗತವೈಭವ’ ಬರೆದರು. ಅದು 1917ರ ಪುಸ್ತಕ. ಉತ್ತರ ಕರ್ನಾಟಕದ ನಾಲ್ಕು ಜಿಲ್ಲೆಗಳು 1956ರ ನವೆಂಬರ್ 1ರ ತನಕ ಮುಂಬಯಿ ರಾಜ್ಯದಲ್ಲೇ ಇದ್ದವು. ಹಾಗಾಗಿ ಆ ಕಡೆಯ ಮನೆತನಗಳ ಹಳೆಯ ಕಾಗದಗಳಲ್ಲಿ ಕೆಲವು ಮೋಡಿ ಲಿಪಿಯಲ್ಲಿ, ಪುಣೆ ಮುಂಬಯಿಗಳ ಕಪಾಟುಗಳಲ್ಲಿ ಇವೆ.

ಇವುಗಳಲ್ಲಿ ಅಚ್ಚಾದವು ಬಹಳಷ್ಟು ಈಗ ಮೊಬೈಲಿನಲ್ಲೇ ಸಿಗುತ್ತವೆ. ಆದರೆ ಮೊಬೈಲಿನಲ್ಲಿ ಕಂಡದ್ದನ್ನು ಉಲ್ಲೇಖಿಸುವಾಗ ಮೂರು ಪದರ ಬೇರೆ ಮಾಡಬೇಕು. ಮೂಲ ಯಾವುದು? ನಾನು ನೋಡಿದ ಪ್ರತಿ ಯಾವುದು? ಅದನ್ನು ತಲುಪಿದ ದಾರಿ ಯಾವುದು? ಅಮೆರಿಕದ ಎಲಿಜಬೆತ್ ಶೋನ್ ಮಿಲ್ಸ್ ಕುಟುಂಬ ಇತಿಹಾಸದ ಆಧಾರಗಳನ್ನು ಬರೆಯುವ ಕ್ರಮದ ಬಗ್ಗೆಯೇ ‘ಎವಿಡೆನ್ಸ್ ಎಕ್ಸ್‌ಪ್ಲೇನ್ಡ್’ ಎಂಬ ದಪ್ಪ ಪುಸ್ತಕ ಬರೆದಿದ್ದಾರೆ. ನಮಗೆ ಅಷ್ಟು ದಪ್ಪ ಬೇಡ. ಈ ಮೂರು ಪ್ರಶ್ನೆ ಸಾಕು.

ಧಾರವಾಡ ಗೆಜೆಟಿಯರನ್ನೇ ತೆಗೆದುಕೊಳ್ಳಿ. ‘ಬ್ರಿಟಿಷ್ ಗೆಜೆಟಿಯರಿನಲ್ಲಿ ನಮ್ಮ ಜಾತಿಯ ಬಗ್ಗೆ ಹೀಗಿದೆ’ ಎಂದು ಎಷ್ಟೋ ಪಿಡಿಎಫ್‌ಗಳಲ್ಲಿ ಓದುತ್ತೇವೆ. ಯಾವ ಗೆಜೆಟಿಯರ್? ಹೀಗೆ ಬರೆದರೆ ಯಾರೂ ಹುಡುಕಬಹುದು: ‘ಗೆಜೆಟಿಯರ್ ಆಫ್ ದ ಬಾಂಬೆ ಪ್ರೆಸಿಡೆನ್ಸಿ, ಸಂಪುಟ 22, ಧಾರವಾಡ, ಸಂಪಾದಕರು ಜೇಮ್ಸ್ ಕ್ಯಾಂಪ್‌ಬೆಲ್, ಮುಂಬಯಿ, 1884, ಮುದ್ರಿತ ಪುಟ ಇಷ್ಟು. ಓದಿದ್ದು ಆರ್ಕೈವ್ ಡಾಟ್ ಆರ್ಗ್‌ನ ಸ್ಕ್ಯಾನ್ ಪ್ರತಿಯಲ್ಲಿ, ಇಂಥ ದಿನ.’ ಮೊದಲ ಭಾಗ ಮೂಲ, ಎರಡನೆಯದು ಪ್ರತಿ ಮತ್ತು ದಾರಿ. ನಾಳೆ ಆ ಜಾಲತಾಣ ಇಲ್ಲವಾದರೂ ಧಾರವಾಡದ ಯಾವುದಾದರೂ ಗ್ರಂಥಾಲಯದಲ್ಲಿ ಆ ಪುಟ ಸಿಗುತ್ತದೆ. ಬರೀ ಕೊಂಡಿ ಕೊಟ್ಟಿದ್ದರೆ ಜಾಲತಾಣದ ಜೊತೆಗೇ ಆಧಾರವೂ ಮುಳುಗುತ್ತಿತ್ತು. ಪುಟದ ಸಂಖ್ಯೆ ಕೊಡುವಾಗ ಪುಸ್ತಕದಲ್ಲಿ ಅಚ್ಚಾದ ಸಂಖ್ಯೆಯನ್ನೇ ಕೊಡಿ. ಪಿಡಿಎಫ್ ತೋರಿಸುವ ಸಂಖ್ಯೆಯಲ್ಲಿ ರಕ್ಷಾಪುಟ, ಮುನ್ನುಡಿ, ಗ್ರಂಥಾಲಯದ ಚೀಟಿ ಎಲ್ಲ ಸೇರಿರುತ್ತವೆ.

ಪ್ರತಿ ಯಾವುದು ಎಂಬ ಪ್ರಶ್ನೆ ಯಾಕೆ ಮುಖ್ಯ ಎಂಬುದಕ್ಕೆ ಎಪಿಗ್ರಾಫಿಯಾ ಕರ್ನಾಟಿಕಾದ ಎರಡನೆಯ ಸಂಪುಟ ಚೆನ್ನಾದ ಉದಾಹರಣೆ. ಅದು ಶ್ರವಣಬೆಳಗೊಳದ ಶಾಸನಗಳ ಸಂಪುಟ. ರೈಸ್ 1889ರಲ್ಲಿ 144 ಶಾಸನಗಳನ್ನು ಪ್ರಕಟಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದಾಗ ಶಾಸನಗಳ ಸಂಖ್ಯೆ 500 ಆಯಿತು. 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಇನ್ನೊಂದು ಆವೃತ್ತಿ ತಂದಿತು. ಮೂರೂ ‘ಸಂಪುಟ 2’. ‘ಎ.ಕ. 2, ಶಾಸನ 120’ ಎಂದಷ್ಟೇ ಬರೆದರೆ ಮೂರು ಬೇರೆ ಬೇರೆ ಕಲ್ಲಿನ ಮುಂದೆ ನಿಲ್ಲುವ ಸಾಧ್ಯತೆ ಇದೆ. ಊರಿನ ವೀರಗಲ್ಲನ್ನು ತಮ್ಮ ಮನೆತನದ್ದು ಎನ್ನುವವರು ಮೊದಲು ಯಾವ ಆವೃತ್ತಿ, ಯಾವ ತಾಲೂಕು, ಯಾವ ಸಂಖ್ಯೆ ಎಂದು ಬರೆಯಬೇಕು. ಆಮೇಲೆ ಆ ವೀರನಿಗೂ ನಮಗೂ ನಡುವಿನ ಇಪ್ಪತ್ತು ತಲೆಮಾರುಗಳ ಆಧಾರ ಎಲ್ಲಿದೆ ಎಂದು ತಾವೇ ಕೇಳಿಕೊಳ್ಳಬೇಕು.

ಇನ್ನು ಜೆನಿಯಂಥ ತಾಣಗಳಲ್ಲಿ ಯಾರೋ ಕಟ್ಟಿಟ್ಟ ಮರ, ವಿಕಿಪೀಡಿಯ, ಸಮುದಾಯದ ಜಾಲತಾಣ. ಇವು ಸುಳಿವು ಕೊಡುತ್ತವೆ. ಸುಳಿವು ಹಿಡಿದು ಅವು ಹೇಳುವ ಮೂಲಕ್ಕೆ ಹೋಗಬೇಕು. ಮೂಲ ಹೇಳದಿದ್ದರೆ ಅಷ್ಟನ್ನೇ ಬರೆಯಬೇಕು. ಇತ್ತೀಚೆಗೆ ಚಾಟ್‌ಬಾಟಿಗೆ ಅಡ್ಡಹೆಸರು ಹೇಳಿ ಮನೆತನದ ಇತಿಹಾಸ ಕೇಳುವವರಿದ್ದಾರೆ. ಅದು ಪುಸ್ತಕದ ಹೆಸರು, ಪುಟ ಸಮೇತ ಉತ್ತರ ಕೊಡುತ್ತದೆ. ಕೆಲವೊಮ್ಮೆ ಆ ಪುಸ್ತಕವೇ ಹುಟ್ಟಿರುವುದಿಲ್ಲ. ಪುಟ ತೆರೆದು ಕಣ್ಣಾರೆ ನೋಡದ ಯಾವುದನ್ನೂ ಆಧಾರ ಎಂದು ಬರೆಯಬಾರದು.

ಕೊಂಡಿ ಸತ್ತ ಮೇಲೆ

ಕನ್ನಡದ ಹಳೆಯ ಪುಸ್ತಕಗಳನ್ನು ಆನ್‌ಲೈನಿನಲ್ಲಿ ಮೊದಲು ದೊಡ್ಡ ಪ್ರಮಾಣದಲ್ಲಿ ಕೊಟ್ಟದ್ದು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ. ಎಷ್ಟೋ ಲೇಖನಗಳು ಅದರ ಕೊಂಡಿಗಳನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟಿದ್ದವು. 2017ರ ಸುಮಾರಿಗೆ ಆ ತಾಣ ನಿಂತಿತು, ಕೊಂಡಿಗಳೆಲ್ಲ ಸತ್ತವು. ಪುಸ್ತಕಗಳು ಮಾತ್ರ ದೊಡ್ಡ ಸಂಖ್ಯೆಯಲ್ಲಿ ಇಂಟರ್ನೆಟ್ ಆರ್ಕೈವಿನಲ್ಲಿ ಉಳಿದಿವೆ. ಲೇಖಕ, ಪ್ರಕಾಶಕ, ಇಸವಿ ಬರೆದಿದ್ದವರ ಟಿಪ್ಪಣಿ ಇಂದೂ ಕೆಲಸ ಮಾಡುತ್ತದೆ. ಕೊಂಡಿ ಮಾತ್ರ ಕೊಟ್ಟವರದು ತಲೆಬರಹವಿಲ್ಲದ ಹಣೆಬರಹ. ಆ ಸಂಗ್ರಹದ ಸೂಚಿಯಲ್ಲಿ ಪುಸ್ತಕದ ಹೆಸರು, ಇಸವಿ ಎಷ್ಟೋ ಕಡೆ ತಪ್ಪಾಗಿ ದಾಖಲಾಗಿವೆ. ಆದ್ದರಿಂದ ತಾಣದ ಶೀರ್ಷಿಕೆಯನ್ನು ನಕಲಿಸದೆ ಪುಸ್ತಕದ ಮುಖಪುಟ ತೆರೆದು ನೋಡಿಯೇ ಬರೆಯಬೇಕು.

ಯಾಹೂ ಗ್ರೂಪ್ಸ್ 2020ರಲ್ಲಿ ಮುಚ್ಚಿತು. ನಮ್ಮ ಪೀಳಿಗೆಯವರು ಅಲ್ಲಿ ಬರೆದುಕೊಂಡ ಊರಿನ ಸುದ್ದಿ, ಮನೆತನದ ಮಾತು ಅದರೊಂದಿಗೆ ಹೋಯಿತು. ಯೂನಿಕೋಡ್ ಬರುವ ಮೊದಲು ಬೇರೆ ಬೇರೆ ಫಾಂಟುಗಳಲ್ಲಿ ಬರೆದ ಕನ್ನಡ ಪುಟಗಳನ್ನು ಈಗ ತೆರೆದರೆ ಅಕ್ಷರದ ಬದಲು ಚಿಹ್ನೆಗಳ ಜಾತ್ರೆ ಕಾಣುತ್ತದೆ. ಉಪಾಯ ಕಷ್ಟದ್ದಲ್ಲ. ಮುಖ್ಯವಾದ ಪುಟ ಕಂಡ ದಿನವೇ ವೇಬ್ಯಾಕ್ ಮಷೀನಿನಲ್ಲಿ ಉಳಿಸಿ, ಒಂದು ಪಿಡಿಎಫ್ ಪ್ರತಿ ಮಾಡಿ, ಕಡತದ ಹೆಸರಿನಲ್ಲೇ ದಿನಾಂಕ ಹಾಕಿ. ರಾಷ್ಟ್ರೀಯ ಅಭಿಲೇಖಾಗಾರದ ‘ಅಭಿಲೇಖ ಪಟಲ್’ ತಾಣದಲ್ಲಿ ಕಡತ ಸಿಕ್ಕರೆ ಇಲಾಖೆ, ಶಾಖೆ, ವರ್ಷ, ಕಡತ ಸಂಖ್ಯೆ ಬರೆದುಕೊಳ್ಳಿ. ಆ ಸಂಖ್ಯೆ ಹಿಡಿದು ದೆಹಲಿಯಲ್ಲಿ ಕಾಗದವನ್ನೇ ಕೇಳಬಹುದು.

ಹೆಸರು, ಊರು, ಇಸವಿ

ಬ್ರಿಟನ್ನಿನವರು 1921ರ ಜನಗಣತಿಯಲ್ಲಿ ಅಜ್ಜನ ಮನೆಯನ್ನು ಹೆಸರಿಡಿದು ನೋಡಬಹುದು. ಅಮೆರಿಕದಲ್ಲಿ 1950ರ ಗಣತಿಯ ಹಾಳೆಗಳು 2022ರಲ್ಲಿ ತೆರೆದವು. ನಮ್ಮಲ್ಲಿ 1948ರ ಜನಗಣತಿ ಕಾಯ್ದೆ ವ್ಯಕ್ತಿಗಳ ದಾಖಲೆಯನ್ನು ತೋರಿಸಲು ಬಿಡುವುದಿಲ್ಲ, ನಮಗೆ ಸಿಗುವುದು ಕೋಷ್ಟಕಗಳು ಮಾತ್ರ. ಹಾಗಾಗಿ ಉತಾರ, ಶಾಲೆಯ ರಜಿಸ್ಟರ್, ನಾಸಿಕ್ ಹರಿದ್ವಾರಗಳ ಪಂಡರ ವಹಿ, ಮದುವೆಯ ಕರೆಯೋಲೆ, ಹಳೆಯ ಪಂಚಾಂಗದ ಅಂಚಿನ ಬರಹ, ಇವೇ ನಮ್ಮ ಆಸ್ತಿ. ಹರಿದ್ವಾರದ ವಹಿಗಳ ಚಿತ್ರಗಳು ಫ್ಯಾಮಿಲಿಸರ್ಚ್ ತಾಣದಲ್ಲಿವೆ.

ಇವುಗಳಲ್ಲಿ ಕಂಡದ್ದನ್ನು ಕಂಡಂತೆಯೇ ಮೊದಲು ಬರೆದುಕೊಳ್ಳಬೇಕು, ಅರ್ಥ ಆಮೇಲೆ. ಗದಗ, ಹಾವೇರಿ 1997ರ ತನಕ ಧಾರವಾಡ ಜಿಲ್ಲೆಯಲ್ಲಿದ್ದವು, ಬಾಗಲಕೋಟೆ ವಿಜಾಪುರದಲ್ಲಿತ್ತು. 2014ರ ನವೆಂಬರ್ 1ಕ್ಕೆ ವಿಜಾಪುರ ವಿಜಯಪುರವಾಯಿತು. ಹಳೆಯ ಕಾಗದದ ‘ಧಾರವಾಡ ಜಿಲ್ಲೆ’ಯನ್ನು ನಾವು ‘ಗದಗ ಜಿಲ್ಲೆ’ ಎಂದು ತಿದ್ದಿ ಬರೆದರೆ ಮುಂದೆ ಹುಡುಕುವವನು ತಪ್ಪು ಕಪಾಟಿಗೆ ಹೋಗುತ್ತಾನೆ. ಕುಲಕರ್ಣಿ, ಪಾಟೀಲ, ದೇಸಾಯಿ, ನಾಡಗೌಡ ಇವು ಹುದ್ದೆಯಿಂದ ಬಂದ ಹೆಸರುಗಳು. ಬೇರೆ ಬೇರೆ ಊರಿನ ಇಬ್ಬರು ಪಾಟೀಲರು ಒಂದೇ ರಕ್ತದವರೆಂದು ಹುಡುಕು ಯಂತ್ರಕ್ಕೆ ಅನಿಸಬಹುದು, ನಮಗೆ ಅನಿಸಬಾರದು.

ಇಸವಿಯ ಗೊಂದಲ ಇನ್ನೂ ಹೆಚ್ಚು. ಅಜ್ಜನ ವಹಿಯಲ್ಲಿ ‘ಆನಂದನಾಮ ಸಂವತ್ಸರ’ ಎಂದಷ್ಟೇ ಇದ್ದರೆ ಅದು 1914 ಇರಬಹುದು, 1974 ಇರಬಹುದು, ಏಕೆಂದರೆ ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ಶಕ ವರ್ಷಕ್ಕೆ 78 ಕೂಡಿಸಬೇಕು. ಕಲಬುರಗಿ, ರಾಯಚೂರು, ಬೀದರ ಕಡೆ ನಿಜಾಮನ ಕಾಲದ ಕಾಗದದಲ್ಲಿ ಫಸಲಿ ವರ್ಷವಿದ್ದರೆ ಸುಮಾರು 590. ಶಾಲೆಯ ದಾಖಲೆಯಂತೂ ನಮಗೆಲ್ಲ ಗೊತ್ತೇ ಇದೆ. ನಮ್ಮ ತಂದೆಯ ಪೀಳಿಗೆಯಲ್ಲಿ ಅರ್ಧ ಉತ್ತರ ಕರ್ನಾಟಕ ಜೂನ್ 1ರಂದು ಹುಟ್ಟಿದೆ. ಹೆಸರು ಹಚ್ಚುವಾಗ ಮಾಸ್ತರು ಬರೆದ ತಾರೀಖು ಅದು. ಮೂಲ ದಾಖಲೆಯೇ, ಆದರೂ ಜನ್ಮದಿನಕ್ಕೆ ಸಾಕ್ಷಿಯಲ್ಲ. ಶಾಲೆಗೆ ಸೇರಿದ ವರ್ಷಕ್ಕೆ ಮಾತ್ರ ಗಟ್ಟಿ ಸಾಕ್ಷಿ.

ಗೋಡೆಯ ಮೇಲಿಲ್ಲದ ಹೆಸರುಗಳು

ದಾಖಲೆ ಹೇಗೆ ಹುಟ್ಟಿತು ಎಂದು ಕೇಳುವುದು ಎಷ್ಟು ದೊಡ್ಡ ವಿಷಯ ಎಂಬುದನ್ನು ಮೊದಲ ಮಹಾಯುದ್ಧದ ಪಟ್ಟಿ ತೋರಿಸುತ್ತದೆ. ಮೆಸಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ, ಹೋದ ಸೈನ್ಯದಲ್ಲಿ ಆರನೆಯ ಪೂನಾ ಡಿವಿಜನ್ ಇತ್ತು. ಅದರಲ್ಲಿ 103, 110, 117ನೇ ಮರಾಠಾ ಪಲ್ಟಣಗಳಿದ್ದವು. ಕೂತ್ ಊರಿನಲ್ಲಿ ಮುತ್ತಿಗೆಗೆ ಸಿಕ್ಕ ಅವರು 1916ರ ಏಪ್ರಿಲ್ 29ರಂದು ತುರ್ಕಿಗಳಿಗೆ ಶರಣಾದರು. ಮರಾಠಾ ಪಲ್ಟಣಗಳಿಗೂ ಬೆಳಗಾವಿಗೂ ಇರುವ ನಂಟು ನಮಗೆ ಗೊತ್ತೇ ಇದೆ.

ಆ ರಣರಂಗದಲ್ಲಿ ಸತ್ತು ಗೋರಿಯೂ ಸಿಗದ 40 ಸಾವಿರಕ್ಕೂ ಹೆಚ್ಚು ಜನರ ನೆನಪಿಗೆ ಬಾಸ್ರಾ ಸ್ಮಾರಕ ಕಟ್ಟಿದರು. ಅದರ ಗೋಡೆಯ ಮೇಲೆ ಭಾರತದ ಸಾಮಾನ್ಯ ಸಿಪಾಯಿಗಳ ಹೆಸರು ಕೆತ್ತಲಿಲ್ಲ. ಪಲ್ಟಣದ ಹೆಸರಿನ ಕೆಳಗೆ ಸತ್ತವರ ಸಂಖ್ಯೆ ಮಾತ್ರ ಬರೆದರು. ಹೆಸರುಗಳು ರಜಿಸ್ಟರಿನಲ್ಲಿ ಉಳಿದವು. ಈ ತಾರತಮ್ಯವನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ 2021ರ ವರದಿಯಲ್ಲಿ ತಾನೇ ಒಪ್ಪಿಕೊಂಡಿತು. ಇಂದು ಅದರ ಜಾಲತಾಣದಲ್ಲಿ ಹುಡುಕಿದರೆ ಸಿಪಾಯಿಯ ಹೆಸರು, ಪಲ್ಟಣ, ನಂಬರು, ಕೆಲವು ಕಡೆ ತಂದೆಯ ಹೆಸರು ಮತ್ತು ಹಳ್ಳಿಯೂ ಸಿಗುತ್ತವೆ.

ಇಂಥ ನಮೂದು ಸಿಕ್ಕವರು ‘ಬಾಸ್ರಾ ಸ್ಮಾರಕದಲ್ಲಿ ನಮ್ಮ ಅಜ್ಜನ ಹೆಸರು ಕೆತ್ತಲಾಗಿದೆ’ ಎಂದು ಬರೆದರೆ ಅದು ಸುಳ್ಳು. ‘ರಜಿಸ್ಟರಿನಲ್ಲಿದೆ, ಗೋಡೆಯ ಮೇಲಿಲ್ಲ’ ಎಂದು ಬರೆದರೆ ಅದು ಇತಿಹಾಸ. ಆ ಒಂದು ವಾಕ್ಯದಲ್ಲಿ ಸಾಮ್ರಾಜ್ಯ ಅವನನ್ನು ಹೇಗೆ ನಡೆಸಿಕೊಂಡಿತು ಎಂಬುದೆಲ್ಲ ಇದೆ. ಆಧಾರವನ್ನು ಸರಿಯಾಗಿ ಬರೆಯದಿದ್ದರೆ ಅಜ್ಜನಿಗಾದ ಅನ್ಯಾಯವನ್ನೂ ನಾವೇ ಅಳಿಸಿದಂತೆ.

ಉತಾರದಲ್ಲಿ ಸಿಕ್ಕ ಮುತ್ತಜ್ಜಿ

ನಮ್ಮ ಮನೆಯ ಹಳೆಯ ವಂಶಾವಳಿಯಲ್ಲಿ ಏಳು ತಲೆಮಾರಿನ ಗಂಡಸರ ಹೆಸರಿತ್ತು, ಒಬ್ಬ ಹೆಂಗಸಿನದೂ ಇರಲಿಲ್ಲ. ಮೊಬೈಲಿನಲ್ಲಿ ಕಾಣುವ ಉತಾರ ಇಂದಿನ ಸ್ಥಿತಿಯನ್ನು ಹೇಳುತ್ತದೆ. ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆ ಈ ಶತಮಾನದ ಆರಂಭದ್ದು. ಅದಕ್ಕಿಂತ ಹಿಂದಿನದಕ್ಕೆ ಸರ್ವೆ ನಂಬರು ಹಿಡಿದು ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೇ ಹೋಗಬೇಕು. ಹೋದೆ. ಹಕ್ಕು ಬದಲಾವಣೆಯ ಹಳೆಯ ರಜಿಸ್ಟರಿನ ಒಂದು ನೋಂದಿನಲ್ಲಿ ಒಬ್ಬ ಹೆಣ್ಣುಮಗಳ ಹೆಸರು, ಮುಂದೆ ‘ಕೋಂ’ ಎಂಬ ಅಕ್ಷರ, ಅದರ ಮುಂದೆ ನನ್ನ ಮುತ್ತಜ್ಜನ ಹೆಸರು. ‘ಬಿನ್’ ಎಂದರೆ ಮಗ, ‘ಕೋಂ’ ಎಂದರೆ ಹೆಂಡತಿ. ಗಂಡ ಸತ್ತ ಮೇಲೆ, ಮಗ ಸಣ್ಣವನಿದ್ದಾಗ, ಹೊಲ ಅವಳ ಹೆಸರಿನಲ್ಲಿ ಕೆಲವು ವರ್ಷ ನಡೆದಿತ್ತು. ಮನೆಯಲ್ಲಿ ಯಾರಿಗೂ ಅವಳ ಹೆಸರು ಗೊತ್ತಿರಲಿಲ್ಲ. ಎಲ್ಲರ ಬಾಯಲ್ಲಿ ಅವಳು ‘ದೊಡ್ಡವ್ವ’ ಅಷ್ಟೆ.

ಆ ಹೆಸರಿನ ಮುಂದೆ ನಾನು ಗ್ರಾಮ, ತಾಲೂಕು, ಸರ್ವೆ ನಂಬರು, ನೋಂದಿನ ಸಂಖ್ಯೆ, ನೋಡಿದ ದಿನ ಬರೆದಿದ್ದೇನೆ. ನನ್ನ ಮಗಳು ನಾಳೆ ಅದನ್ನು ನಂಬದಿದ್ದರೆ ಹೋಗಿ ನೋಡಬಹುದು. ನಂಬದೆ ಇರುವ ಹಕ್ಕನ್ನು ಅವಳಿಗೆ ಕೊಡುವುದೇ ಆಧಾರ ಬರೆಯುವುದರ ಅರ್ಥ. ನಾವು ವಲಸೆ ಬಂದವರಿಗೆ ಇದು ಇನ್ನೂ ಮುಖ್ಯ. ಊರಲ್ಲೇ ಉಳಿದಿದ್ದರೆ ತಪ್ಪು ಹೇಳಿದಾಗ ಕಟ್ಟೆಯ ಮೇಲಿನ ಹಿರಿಯರೊಬ್ಬರು ‘ಏ, ಹಂಗಲ್ಲೋ’ ಎಂದು ತಿದ್ದುತ್ತಿದ್ದರು. ಕಾತ್ರಜದ ಏಳನೆಯ ಮಹಡಿಯಲ್ಲಿ ತಿದ್ದುವವರಿಲ್ಲ. ನಾವು ಬರೆದ ಪಿಡಿಎಫ್ ಮುಂದಿನ ಪೀಳಿಗೆಗೆ ಮೂಲವಾಗಿಬಿಡುತ್ತದೆ.

ಬದುಕಿರುವವರ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಕು. ಅವರ ಜನ್ಮದಿನಾಂಕ, ವಿಳಾಸ, ಕಾಯಿಲೆ, ಮುರಿದ ಮದುವೆ ಇವೆಲ್ಲ ಸಾರ್ವಜನಿಕ ತಾಣದ ಮರಕ್ಕೆ ಹೋಗಬಾರದು. ಆಧಾರ ಬರೆದಿಡುವುದು ಬೇರೆ, ಎಲ್ಲರಿಗೂ ಹಂಚುವುದು ಬೇರೆ.

ಈ ಸಲ ದೀಪಾವಳಿಗೆ ಕಾತ್ರಜ ಚೌಕದಲ್ಲಿ ಬಸ್ ಹತ್ತಿ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಮನೆಯಲ್ಲಿ ಹಿರಿಯರಾದ ಹೆಣ್ಣುಮಗಳ ಹತ್ತಿರ ಕುಳಿತು, ಅವರ ಒಪ್ಪಿಗೆ ಕೇಳಿ ಫೋನಿನ ರೆಕಾರ್ಡರ್ ಹಚ್ಚಿ, ಅವರ ತವರಿನ ಕಡೆಯ ಹೆಸರುಗಳನ್ನು ಕೇಳಿ. ಶುರುವಿನಲ್ಲಿ ನೀವೇ ಹೇಳಿ: ಇವತ್ತು ಇಂಥ ತಾರೀಖು, ಇಂಥ ಊರು, ಮಾತಾಡುತ್ತಿರುವವರು ಇಂಥವರು, ವಯಸ್ಸು ಇಷ್ಟು. ಕಡತಕ್ಕೆ ಅದೇ ಹೆಸರಿಡಿ. ನಿಮ್ಮ ಪಿಡಿಎಫ್‌ನ ಕೊನೆಯ ಪುಟದಲ್ಲಿ ‘ಹಿರಿಯರ ಮಾತು’ ಎಂದಿರುವ ಕಡೆ ಆ ಅವ್ವನ ಹೆಸರು ಬರೆಯಿರಿ.